ಪಾಟ್‌ಲ್ಯಾಚ್ ನಿಷೇಧ: ಮುಖವಾಡಗಳ ಹಿಂದಿದ್ದ ಭೂಮಿಯ ಪ್ರಶ್ನೆ

2025ರ ನವೆಂಬರ್‌ನಲ್ಲಿ ಪೋಪ್ ಹದಿನಾಲ್ಕನೆಯ ಲಿಯೊ ಅವರು ವ್ಯಾಟಿಕನ್ ಸಂಗ್ರಹಾಲಯದಲ್ಲಿದ್ದ 62 ವಸ್ತುಗಳನ್ನು ಕೆನಡಾದ ಬಿಷಪ್ಪರ ಕೈಗೆ ಒಪ್ಪಿಸಿದರು. 1925ರಲ್ಲಿ ರೋಮ್‌ನಲ್ಲಿ ಏರ್ಪಟ್ಟಿದ್ದ ಮಿಷನರಿ ಪ್ರದರ್ಶನಕ್ಕೆಂದು ಹೊರನಾಡುಗಳಲ್ಲಿದ್ದ ಪಾದ್ರಿಗಳು ಕಳುಹಿಸಿದ್ದ ಸಾಮಗ್ರಿಯ ಜೊತೆಯಲ್ಲಿ ಅಲ್ಲಿಗೆ ಸೇರಿದ್ದ ಇವುಗಳಲ್ಲಿ ಇನುಯಿಟ್ ಜನರ ಒಂದು ಕಯಾಕ್ ದೋಣಿಯೂ ಇತ್ತು. ವ್ಯಾಟಿಕನ್ ಇದನ್ನು ಪೋಪ್ ನೀಡಿದ ಕೊಡುಗೆ ಎಂದು ಕರೆಯಿತು. ನೂರು ವರ್ಷದ ಹಿಂದೆ ರೋಮ್‌ಗೆ ಬಂದಾಗಲೂ ಅವು ಕೊಡುಗೆಯಾಗಿಯೇ ಬಂದವು ಎಂಬುದು ಅದರ ನಿಲುವು. ಧಾರ್ಮಿಕ ಆಚರಣೆಗಳನ್ನೇ ಸರ್ಕಾರ ನಿಷೇಧಿಸಿದ್ದ, ಮಕ್ಕಳನ್ನು ತಂದೆತಾಯಿಯರಿಂದ ಬೇರ್ಪಡಿಸಿ ವಸತಿ ಶಾಲೆಗಳಿಗೆ ಸಾಗಿಸುತ್ತಿದ್ದ ಕಾಲದಲ್ಲಿ ಮೂಲನಿವಾಸಿಯೊಬ್ಬ ಪಾದ್ರಿಗೆ ಕೊಟ್ಟದ್ದನ್ನು ಮನಸಾರೆ ಕೊಟ್ಟದ್ದೆಂದು ಹೇಗೆ ನಂಬುವುದು ಎಂಬುದು ಆ ಸಮುದಾಯಗಳ ಮುಖಂಡರೂ ಇತಿಹಾಸಕಾರರೂ ಕೇಳುತ್ತ ಬಂದಿರುವ ಪ್ರಶ್ನೆ.

ಇಂಥ ಸುದ್ದಿಗಳು ನಮ್ಮಲ್ಲಿಗೆ ಬರುವಾಗ ಸಾಂಸ್ಕೃತಿಕ ಪುಟಕ್ಕೆ ಸೇರುತ್ತವೆ. ಕದ್ದ ವಸ್ತು ಮರಳಿತು, ಹಳೆಯ ಗಾಯಕ್ಕೆ ಮುಲಾಮು ಬಿತ್ತು ಎಂಬಲ್ಲಿಗೆ ವಿಷಯ ಮುಗಿಯುತ್ತದೆ. ಅಮೆರಿಕ ಖಂಡಗಳ ವಸಾಹತೀಕರಣದಲ್ಲಿ ಆಚರಣೆಗಳ ಮೇಲೆ ನಡೆದ ದಾಳಿಯನ್ನು ಹೀಗೆ ಬರಿಯ ಸಂಸ್ಕೃತಿಯ ಪ್ರಶ್ನೆಯಾಗಿ ಓದುವುದು ಸಾಲದು ಎಂಬುದು ನನ್ನ ವಾದ. ಬಹಳಷ್ಟು ಕಡೆ ಆಚರಣೆಯೇ ಆ ಜನರ ಆಸ್ತಿಯ ದಾಖಲೆಯಾಗಿತ್ತು, ಆಡಳಿತದ ಕ್ರಮವೂ ಆಗಿತ್ತು. ಆದ್ದರಿಂದ ಅದನ್ನು ನಿಲ್ಲಿಸಿದ್ದರ ಪರಿಣಾಮ ಇಂದಿನ ಭೂವ್ಯಾಜ್ಯಗಳ ತನಕ ಹಬ್ಬಿದೆ. ಕೆನಡಾದ ಪಶ್ಚಿಮ ಕರಾವಳಿಯ ಪಾಟ್‌ಲ್ಯಾಚ್ ನಿಷೇಧದಷ್ಟು ಸ್ಪಷ್ಟವಾಗಿ ಇದನ್ನು ತೋರಿಸುವ ಪ್ರಕರಣ ಇನ್ನೊಂದು ಸಿಗುವುದು ಕಷ್ಟ.

ಕೆನಡಾದ ಸಂಸತ್ತು 1884ರಲ್ಲಿ ಇಂಡಿಯನ್ ಆಕ್ಟ್‌ಗೆ ಒಂದು ತಿದ್ದುಪಡಿ ತಂದಿತು. ಇಲ್ಲಿ 'ಇಂಡಿಯನ್' ಎಂದರೆ ಅಲ್ಲಿನ ಮೂಲನಿವಾಸಿ. 1876ರ ಆ ಕಾಯ್ದೆ ಅದೇ ಹೆಸರಿನಲ್ಲಿ ಇಂದಿಗೂ ಜಾರಿಯಲ್ಲಿದೆ. ತಿದ್ದುಪಡಿಯ ಪ್ರಕಾರ 1885ರ ಜನವರಿ 1ರಿಂದ ಪಾಟ್‌ಲ್ಯಾಚ್ ಎಂಬ ಉತ್ಸವದಲ್ಲಿ ಪಾಲ್ಗೊಳ್ಳುವುದು ಮಾತ್ರವಲ್ಲದೆ ಅದಕ್ಕೆ ನೆರವಾಗುವುದೂ ಅಪರಾಧವಾಯಿತು. ಶಿಕ್ಷೆ ಕನಿಷ್ಠ ಎರಡು ತಿಂಗಳು, ಗರಿಷ್ಠ ಆರು ತಿಂಗಳ ಸೆರೆವಾಸ. ಪ್ರಧಾನಿ ಜಾನ್ ಎ. ಮ್ಯಾಕ್‌ಡೊನಾಲ್ಡ್ ಅವರೇ ಆಗ ಮೂಲನಿವಾಸಿಗಳ ವ್ಯವಹಾರ ಇಲಾಖೆಯ ಮುಖ್ಯಸ್ಥರೂ ಆಗಿದ್ದರು.

ಪಾಟ್‌ಲ್ಯಾಚ್ ಎಂಬುದು ಅಲಾಸ್ಕದ ದಕ್ಷಿಣ ಭಾಗದಿಂದ ಬ್ರಿಟಿಷ್ ಕೊಲಂಬಿಯದ ಉದ್ದಕ್ಕೂ ಹಬ್ಬಿದ್ದ, ಸಾಲ್ಮನ್ ಮೀನು ಮತ್ತು ಸೀಡರ್ ಮರಗಳ ಸಮೃದ್ಧಿಯ ಮೇಲೆ ನಿಂತಿದ್ದ ಹಲವು ಸಮಾಜಗಳ ಕೂಟ. ಮಗುವಿಗೆ ಹೆಸರಿಡುವುದು, ಮದುವೆ, ಸತ್ತ ಮುಖಂಡನ ಸ್ಥಾನಕ್ಕೆ ಉತ್ತರಾಧಿಕಾರಿ ಬರುವುದು, ಕಂಬ ನಿಲ್ಲಿಸುವುದು ಇಂಥ ಸಂದರ್ಭಗಳಲ್ಲಿ ಒಂದು ಮನೆತನ ಬೇರೆ ಮನೆತನಗಳನ್ನೂ ಬೇರೆ ಊರಿನವರನ್ನೂ ಕರೆಯುತ್ತಿತ್ತು. ಅತಿಥಿಗಳ ಎದುರಿಗೆ ಆ ಮನೆತನದ ಮೂಲಪುರುಷ ಎಲ್ಲಿಂದ ಬಂದ, ಯಾವ ಹೊಳೆ, ಯಾವ ತೀರ, ಯಾವ ಬೇಟೆಯ ನೆಲ ತಮ್ಮದು, ಯಾವ ಮುಖವಾಡ, ಯಾವ ಹಾಡು, ಯಾವ ಹೆಸರನ್ನು ಬಳಸುವ ಹಕ್ಕು ತಮಗಿದೆ ಎಂಬುದನ್ನು ಹಾಡಿ, ಕುಣಿದು, ಭಾಷಣ ಮಾಡಿ ಸಾರಲಾಗುತ್ತಿತ್ತು. ಕೊನೆಯಲ್ಲಿ ಅತಿಥಿಗಳಿಗೆ ಅವರವರ ಅಂತಸ್ತಿನ ಕ್ರಮದಲ್ಲಿ ಉಡುಗೊರೆ. ಅದನ್ನು ತೆಗೆದುಕೊಂಡವನು ತಾನು ಕಂಡು ಕೇಳಿದ್ದಕ್ಕೆ ಸಾಕ್ಷಿಯಾದಂತೆ; ತಕರಾರಿದ್ದರೆ ಅಲ್ಲೇ ಎತ್ತಬೇಕು. ನಮ್ಮಲ್ಲಿ ಉಪನೋಂದಣಾಧಿಕಾರಿಯ ಕಚೇರಿ ಮಾಡುವ ಕೆಲಸವನ್ನು ಅಲ್ಲಿ ಈ ಕೂಟ ಮಾಡುತ್ತಿತ್ತು ಎನ್ನಬಹುದು, ಆದರೆ ದಫ್ತರದ ಬದಲಿಗೆ ನೂರಾರು ಜನರ ನೆನಪಿನಲ್ಲಿ ನೋಂದಣಿಯಾಗುತ್ತಿತ್ತು.

ಈ ಏರ್ಪಾಟಿನಲ್ಲಿ ತಾಮ್ರದ ಫಲಕಗಳಿಗೆ ವಿಶೇಷ ಸ್ಥಾನವಿತ್ತು. ಗುರಾಣಿಯ ಆಕಾರದ, ಮೇಲ್ಭಾಗ ಅಗಲವಾಗಿರುವ, ಕೆಳಗೆ ಇಂಗ್ಲಿಷಿನ ಟಿ ಅಕ್ಷರದಂತೆ ಏಣು ಎಬ್ಬಿಸಿದ ಪ್ರತಿ ಫಲಕಕ್ಕೂ ಒಂದು ಹೆಸರಿತ್ತು. ಅದು ಯಾರಿಂದ ಯಾರಿಗೆ, ಯಾವ ಕೂಟದಲ್ಲಿ, ಎಷ್ಟು ಕಂಬಳಿಗಳ ಬೆಲೆಗೆ ಕೈ ಬದಲಾಯಿತು ಎಂಬ ಚರಿತ್ರೆ ಬೆಳೆದಂತೆಲ್ಲ ಅದರ ಮೌಲ್ಯವೂ ಏರುತ್ತಿತ್ತು. ಲೋಹದ ತೂಕಕ್ಕೂ ಈ ಮೌಲ್ಯಕ್ಕೂ ಸಂಬಂಧವೇ ಇರಲಿಲ್ಲ. ಲೆಕ್ಕದ ಮಾನವಾಗಿ ಬಳಕೆಯಾಗುತ್ತಿದ್ದದ್ದು ಹಡ್ಸನ್ಸ್ ಬೇ ಕಂಪನಿ ಮಾರುತ್ತಿದ್ದ ಉಣ್ಣೆಯ ಕಂಬಳಿ ಎಂಬುದನ್ನೂ ಇಲ್ಲಿ ಹೇಳಬೇಕು, ಏಕೆಂದರೆ ಪಾಟ್‌ಲ್ಯಾಚ್ ಹೊರಜಗತ್ತಿನ ಸೋಂಕಿಲ್ಲದ ಪ್ರಾಚೀನ ಆಚರಣೆಯಾಗಿ ಉಳಿದಿರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೊದಿಂದ ಬಂದ ಹಡಗೊಂದರ ಮೂಲಕ 1862ರಲ್ಲಿ ವಿಕ್ಟೋರಿಯಾ ಪಟ್ಟಣಕ್ಕೆ ಸಿಡುಬು ಬಂತು. ಪಟ್ಟಣದ ಸುತ್ತ ಬೀಡುಬಿಟ್ಟಿದ್ದ ಉತ್ತರದ ಮೂಲನಿವಾಸಿಗಳನ್ನು ಅಧಿಕಾರಿಗಳು ಹೊರಗಟ್ಟಿದ್ದರಿಂದ ರೋಗ ಅವರ ದೋಣಿಗಳಲ್ಲೇ ಕರಾವಳಿಯುದ್ದಕ್ಕೂ ಸಾಗಿತು. ಊರಿಗೆ ಊರೇ ಬರಿದಾಯಿತು. ಮನೆತನಗಳಲ್ಲಿ ಖಾಲಿಬಿದ್ದ ಸ್ಥಾನಗಳು ಹೆಚ್ಚಿ, ಅವುಗಳಿಗೆ ಹಕ್ಕು ಹೇಳುವವರ ನಡುವೆ ಪೈಪೋಟಿ ಬೆಳೆದು, ಮೀನಿನ ಕಾರ್ಖಾನೆಗಳಲ್ಲಿ ದುಡಿದ ಕೂಲಿಯ ಹಣ ಅದಕ್ಕೆ ಸೇರಿ ಪಾಟ್‌ಲ್ಯಾಚ್‌ಗಳ ಗಾತ್ರ ಹಿಗ್ಗಿತು. ಮಿಷನರಿಗಳು ದುಂದುವೆಚ್ಚ ಎಂದು ಕಂಡು ಹೌಹಾರಿದ್ದು ಬಹುಮಟ್ಟಿಗೆ ವಸಾಹತುಗಾರರೇ ತಂದ ಸಾವು ಮತ್ತು ಕೂಲಿಯ ಫಲವಾಗಿತ್ತು.

ಅವರಿಗೆ ಹೊಂದದ್ದು ಏನು? ವರ್ಷಗಟ್ಟಲೆ ದುಡಿದು ಕೂಡಿಟ್ಟದ್ದನ್ನು ಒಂದು ವಾರದಲ್ಲಿ ಹಂಚಿಬಿಡುವವನು ಉಳಿತಾಯ ಕಲಿಯಲಾರ, ಸ್ವಂತ ಹೊಲ ಮಾಡಲಾರ, ಚಳಿಗಾಲದ ಕೂಟಗಳಿಗೆ ಮಕ್ಕಳನ್ನು ಕರೆದೊಯ್ದರೆ ಶಾಲೆ ನಡೆಯಲಾರದು ಎಂಬುದು ಬಹಿರಂಗವಾಗಿ ಹೇಳಿದ ಕಾರಣ. ಆದರೆ ಬ್ರಿಟಿಷ್ ಕೊಲಂಬಿಯದಲ್ಲಿ ಇದರ ಕೆಳಗೆ ಇನ್ನೊಂದು ಪದರವಿದೆ. ಕೆನಡಾದ ಬಯಲುಸೀಮೆಯಲ್ಲಿ ಸರ್ಕಾರ ಮೂಲನಿವಾಸಿಗಳೊಡನೆ ಒಪ್ಪಂದಗಳನ್ನಾದರೂ ಮಾಡಿಕೊಂಡಿತ್ತು. ಇಲ್ಲಿ 1850ರಿಂದ 1854ರ ನಡುವೆ ವ್ಯಾಂಕೂವರ್ ದ್ವೀಪದಲ್ಲಿ ಆದ 14 ಸಣ್ಣ ಒಪ್ಪಂದಗಳನ್ನೂ 1899ರಲ್ಲಿ ಈಶಾನ್ಯ ಮೂಲೆಯನ್ನು ಸೇರಿಸಿಕೊಂಡ ಒಂದು ಒಪ್ಪಂದವನ್ನೂ ಬಿಟ್ಟರೆ ಉಳಿದ ನೆಲವನ್ನೆಲ್ಲ ಯಾವ ಕರಾರೂ ಇಲ್ಲದೆ ಸರ್ಕಾರ ತನ್ನದೆಂದು ಭಾವಿಸಿ ಹಂಚುತ್ತಿತ್ತು. ಇಂಥ ನಾಡಿನಲ್ಲಿ ಪ್ರತಿ ಹೊಳೆಯ ಬಾಯಿಗೂ ಒಬ್ಬ ಹೆಸರಾಂತ ಒಡೆಯನಿದ್ದಾನೆ ಎಂದು ನೂರಾರು ಸಾಕ್ಷಿಗಳ ಎದುರಿಗೆ ಸಾರುವ ಕೂಟ ಯಾರಿಗೆ ತೊಡಕಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ನಿಷೇಧವನ್ನು ರೂಪಿಸಿದವರೆಲ್ಲರೂ ಹೀಗೆ ಲೆಕ್ಕಹಾಕಿಯೇ ಮಾಡಿದರು ಎಂದು ನಾನು ವಾದಿಸುತ್ತಿಲ್ಲ. ಅನೇಕರು ಪ್ರಾಮಾಣಿಕವಾಗಿಯೇ ತಾವು ಅನಾಗರಿಕರನ್ನು ಉದ್ಧರಿಸುತ್ತಿದ್ದೇವೆಂದು ನಂಬಿದ್ದರು. ಪರಿಣಾಮ ಮಾತ್ರ ಒಂದೇ.

ಇದು ಬ್ರಿಟಿಷರ ಹೊಸ ಆವಿಷ್ಕಾರವೂ ಅಲ್ಲ. 1562ರಲ್ಲಿ ಯುಕಟಾನ್‌ನ ಮಾನಿ ಎಂಬಲ್ಲಿ ಪಾದ್ರಿ ಡಿಯೆಗೊ ಡಿ ಲಾಂಡಾ ಮಾಯಾ ಜನರ ಪುಸ್ತಕಗಳನ್ನು ರಾಶಿಹಾಕಿ ಸುಡಿಸಿದ. 1583ರಲ್ಲಿ ಲಿಮಾದಲ್ಲಿ ಸೇರಿದ ಚರ್ಚಿನ ಪರಿಷತ್ತು ಆಂಡಿಸ್‌ನ ಜನ ಲೆಕ್ಕವನ್ನೂ ವೃತ್ತಾಂತಗಳನ್ನೂ ಕಾದಿಡುತ್ತಿದ್ದ ಗಂಟುದಾರಗಳಾದ ಕಿಪುಗಳ ವಿರುದ್ಧ ಆದೇಶ ಹೊರಡಿಸಿತು. ಎರಡೂ ಕಡೆ ಕಾರಣವಾಗಿ ಹೇಳಿದ್ದು ಮೂಢನಂಬಿಕೆ, ವಿಗ್ರಹಾರಾಧನೆ.

ಆದರೆ ಕಾನೂನು ಮಾಡಿದಷ್ಟು ಸುಲಭವಾಗಿ ಅದನ್ನು ಜಾರಿಗೆ ತರಲಾಗಲಿಲ್ಲ. 1886ರ ಅಕ್ಟೋಬರ್‌ನಲ್ಲಿ ಮಾನವಶಾಸ್ತ್ರಜ್ಞ ಫ್ರಾಂಜ್ ಬೋವಾಸ್ ಇದೇ ಕರಾವಳಿಯ ಕ್ವಾಕ್ವಾಕ್ಯವಾಕ್ ಜನರ ಊರಿಗೆ ಹೋದಾಗ, ಈತನೂ ತಮ್ಮ ಕುಣಿತ ನಿಲ್ಲಿಸಲು ಬಂದವನಿರಬಹುದೆಂದು ಶಂಕಿಸಿದ ಮುಖಂಡನೊಬ್ಬ ಹೇಳಿದ ಮಾತನ್ನು ಬೋವಾಸ್ ದಾಖಲಿಸಿದ್ದಾನೆ. ಕುಣಿಯಬೇಕೆಂದು ವಿಧಿಸುವುದು ನಮ್ಮ ಕಟ್ಟುನಿಟ್ಟಿನ ಕಾನೂನು, ನೆರೆಹೊರೆಯವರಿಗೆ ಆಸ್ತಿ ಹಂಚಬೇಕೆಂದು ವಿಧಿಸುವುದೂ ಕಟ್ಟುನಿಟ್ಟಿನ ಕಾನೂನು, ಬಿಳಿಯ ತನ್ನ ಕಾನೂನನ್ನು ಪಾಲಿಸಲಿ, ನಾವು ನಮ್ಮದನ್ನು ಪಾಲಿಸುತ್ತೇವೆ ಎಂಬುದು ಅದರ ಸಾರ. ಆ ಮುಖಂಡ ಸಂಪ್ರದಾಯ, ನಂಬಿಕೆ, ಹಬ್ಬ ಎಂದು ಹೇಳದೆ ಕಾನೂನು ಎಂದೇ ಹೇಳಿದ್ದನ್ನು ಗಮನಿಸಬೇಕು. ಅತ್ತ 1889ರಲ್ಲಿ ಪ್ರಾಂತ್ಯದ ಮುಖ್ಯ ನ್ಯಾಯಮೂರ್ತಿ ಮ್ಯಾಥ್ಯೂ ಬೆಗ್ಬಿ, ಪಾಟ್‌ಲ್ಯಾಚ್ ಎಂದರೇನೆಂದು ಕಾಯ್ದೆಯೇ ವಿವರಿಸಿಲ್ಲವೆಂಬ ಆಕ್ಷೇಪ ಎತ್ತಿ ಬಂಧಿತನೊಬ್ಬನನ್ನು ಬಿಡುಗಡೆ ಮಾಡಿದರು. ಸರ್ಕಾರ 1895ರಲ್ಲಿ ಕಾಯ್ದೆಯನ್ನು ತಿದ್ದಿ, ಹಣವನ್ನಾಗಲಿ ವಸ್ತುಗಳನ್ನಾಗಲಿ ಹಂಚುವುದು ಅಂಗವಾಗಿರುವ ಯಾವುದೇ ಉತ್ಸವ, ಕುಣಿತ, ಆಚರಣೆಯನ್ನು ಅಪರಾಧದ ವ್ಯಾಪ್ತಿಗೆ ತಂದಿತು. ಕ್ರಿಸ್ತನ ಹೆಸರಿನಲ್ಲಿ ಆಳುವವರು ಕೊಡುವುದನ್ನೇ ಅಪರಾಧವೆಂದು ಬರೆದ ಈ ವಾಕ್ಯದ ವಿಪರ್ಯಾಸವನ್ನು ಅಂದಿನ ಮೂಲನಿವಾಸಿಗಳು ಕಾಣದೆ ಇರಲಿಲ್ಲ. ನಿಮ್ಮ ಕ್ರಿಸ್‌ಮಸ್‌ನಲ್ಲಿ ನೀವು ಮಾಡುವುದನ್ನೇ ನಾವು ಮಾಡುತ್ತೇವಲ್ಲ ಎಂದು ಅವರು ಅರ್ಜಿಗಳಲ್ಲಿ ಬರೆದರು.

ಬಿಗಿ ಬಂದದ್ದು ಇಲಾಖೆಯ ಆಡಳಿತ 1913ರಲ್ಲಿ ಡಂಕನ್ ಕ್ಯಾಂಪ್‌ಬೆಲ್ ಸ್ಕಾಟ್ ಅವರ ಕೈಗೆ ಹೋದ ಮೇಲೆ. 1918ರ ತಿದ್ದುಪಡಿಯಿಂದಾಗಿ ಈ ಮೊಕದ್ದಮೆಗಳನ್ನು ಮೇಲಿನ ನ್ಯಾಯಾಲಯಕ್ಕೆ ಒಯ್ಯದೆ ಇಲಾಖೆಯ ಸ್ಥಳೀಯ ಅಧಿಕಾರಿಯಾದ ಇಂಡಿಯನ್ ಏಜೆಂಟನೇ ಮ್ಯಾಜಿಸ್ಟ್ರೇಟನ ಅಧಿಕಾರದಲ್ಲಿ ತೀರ್ಮಾನಿಸಬಹುದಾಯಿತು. ಅಲರ್ಟ್ ಬೇ ಎಂಬಲ್ಲಿದ್ದ ಏಜೆಂಟ್ ವಿಲಿಯಂ ಹ್ಯಾಲಿಡೇ ಈ ಅಧಿಕಾರವನ್ನು ಪೂರ್ತಿಯಾಗಿ ಬಳಸಿಕೊಂಡರು.

1921ರ ಡಿಸೆಂಬರ್. ಕ್ವಾಕ್ವಾಕ್ಯವಾಕ್ ಮುಖಂಡ ಡ್ಯಾನ್ ಕ್ರಾನ್ಮರ್, ಏಜೆಂಟನ ಕಣ್ಣಿಗೆ ಬೀಳದಿರಲೆಂದು ದೂರದ ವಿಲೇಜ್ ಐಲೆಂಡ್‌ನಲ್ಲಿ, ಚಳಿಗಾಲದ ಬಿರುಗಾಳಿಯಲ್ಲಿ ದೋಣಿ ಹೊರಡಿಸಲು ಪೊಲೀಸರು ಹಿಂಜರಿಯುವ ಹೊತ್ತು ನೋಡಿ, ಆರು ದಿನಗಳ ಪಾಟ್‌ಲ್ಯಾಚ್ ನಡೆಸಿದರು. ಅಂದು ಹಂಚಿದ್ದರ ಪಟ್ಟಿಯನ್ನು ಓದಿದರೆ ಅದೇ ಒಂದು ಚರಿತ್ರೆ. ಸಾಂಪ್ರದಾಯಿಕ ದೋಣಿಗಳ ಜೊತೆಗೆ ಗ್ಯಾಸ್ ಎಂಜಿನ್ನಿನ ದೋಣಿಗಳು, ಕಂಬಳಿಗಳು, ಹೊಲಿಗೆ ಯಂತ್ರಗಳು, ಗ್ರಾಮೊಫೋನ್‌ಗಳು, ಪೂಲ್ ಆಟದ ಮೇಜುಗಳು, ಗಿಟಾರು, ಪಿಟೀಲು, ಮೂಟೆಗಟ್ಟಲೆ ಗೋಧಿಹಿಟ್ಟು, ಮಕ್ಕಳಿಗೆ ಚಿಲ್ಲರೆ ಹಣ. ಕೈಗಾರಿಕಾ ಯುಗದ ಸರಕನ್ನೆಲ್ಲ ತಮ್ಮ ಕ್ರಮದೊಳಕ್ಕೆ ಎಳೆದುಕೊಂಡ ಈ ಸಮಾಜವನ್ನು ಹಿಂದುಳಿದದ್ದೆಂದು ಕರೆಯುವುದಕ್ಕೆ ಬಹಳ ಹಟ ಬೇಕು.

ಸುದ್ದಿ ಏಜೆಂಟನಿಗೆ ತಲುಪಿತು. 45 ಜನರ ಮೇಲೆ ಮೊಕದ್ದಮೆ ಹೂಡಲಾಯಿತು. ಆರೋಪಗಳು ಹೀಗಿದ್ದವು: ಭಾಷಣ ಮಾಡಿದ್ದು, ಕುಣಿದದ್ದು, ಹಂಚುವ ಸಾಮಾನುಗಳನ್ನು ಜೋಡಿಸಿದ್ದು, ಉಡುಗೊರೆಗಳನ್ನು ಹೊತ್ತುಕೊಂಡು ಹೋಗಿ ಕೊಟ್ಟದ್ದು. ವಾದ ಮಂಡಿಸಿದವರು ಪೊಲೀಸ್ ಸಾರ್ಜೆಂಟ್ ಆಂಗರ್‌ಮನ್, ಪೀಠದಲ್ಲಿ ಕುಳಿತವರು ಹ್ಯಾಲಿಡೇ. ತಮ್ಮ ಊರಿನವರು ಮುಖವಾಡ, ತಾಮ್ರಫಲಕ, ಗಿಲಕಿ, ಸೀಟಿ, ಉಡುಗೆಗಳನ್ನೆಲ್ಲ ಒಪ್ಪಿಸಿ, ಇನ್ನು ಪಾಟ್‌ಲ್ಯಾಚ್ ಮಾಡುವುದಿಲ್ಲವೆಂದು ಬರೆದುಕೊಟ್ಟರೆ ಶಿಕ್ಷೆಯನ್ನು ಅಮಾನತಿನಲ್ಲಿಡುವುದಾಗಿ ಅಪರಾಧಿಗಳಿಗೆ ಹೇಳಲಾಯಿತು. ಅಲರ್ಟ್ ಬೇ, ಕೇಪ್ ಮಜ್, ವಿಲೇಜ್ ಐಲೆಂಡ್ ಊರಿನವರು ನೂರಾರು ವಸ್ತುಗಳನ್ನು ತಂದು ಒಪ್ಪಿಸಿದರು. ಒಪ್ಪದವರು, ಗಂಡಸರೂ ಹೆಂಗಸರೂ, ಒಕಾಲಾ ಸೆರೆಮನೆಗೆ ಹೋದರು. ಒಪ್ಪಿಸಿದ ವಸ್ತುಗಳನ್ನು ಹ್ಯಾಲಿಡೇ ಅಲರ್ಟ್ ಬೇಯ ಚರ್ಚಿಗೆ ಸೇರಿದ ಸಭಾಂಗಣದಲ್ಲಿ ಹರಡಿಟ್ಟು ಪ್ರದರ್ಶಿಸಿದರು. ನ್ಯೂಯಾರ್ಕಿನ ಸಂಗ್ರಾಹಕ ಜಾರ್ಜ್ ಹೈ ಅಲ್ಲಿಗೇ ಬಂದು ಕೆಲವನ್ನು ಕೊಂಡುಹೋದ. ಮಿಕ್ಕವು ಒಟ್ಟಾವಾದ ರಾಷ್ಟ್ರೀಯ ಸಂಗ್ರಹಾಲಯಕ್ಕೂ ಟೊರಾಂಟೊದ ರಾಯಲ್ ಒಂಟಾರಿಯೊ ಸಂಗ್ರಹಾಲಯಕ್ಕೂ ಹಂಚಿಹೋದವು, ಕೆಲವು ಸ್ಕಾಟ್ ಅವರ ಖಾಸಗಿ ಸಂಗ್ರಹಕ್ಕೂ ಸೇರಿದವು. ಮಾಲೀಕರಿಗೆ ಪರಿಹಾರವೆಂದು ಬಂದ ಚೆಕ್ಕುಗಳು ಅತ್ಯಲ್ಪ ಮೊತ್ತದವು, ತಾಮ್ರಫಲಕಗಳಿಗಂತೂ ಏನೂ ಸಿಗಲಿಲ್ಲ. ಲೋಹದ ತುಂಡಿಗೆ ಬೆಲೆ ಕಟ್ಟುವ ಬಗೆ ಇಲಾಖೆಗೆ ತಿಳಿದಿರಲಿಲ್ಲ ಎನ್ನುವುದಕ್ಕಿಂತ, ಆ ಬೆಲೆಯನ್ನು ಒಪ್ಪಿದರೆ ಅದರ ಹಿಂದಿನ ವ್ಯವಸ್ಥೆಯನ್ನೂ ಒಪ್ಪಬೇಕಾಗುತ್ತಿತ್ತು ಎನ್ನುವುದು ಹೆಚ್ಚು ಸರಿ.

ಈ ಕಥೆಯನ್ನು ಎರಡೇ ಪಕ್ಷಗಳ ಕಾಳಗವಾಗಿ ಹೇಳುವ ರೂಢಿಯಿದೆ. ಅದಕ್ಕೆ ಅಡ್ಡಬರುವ ವ್ಯಕ್ತಿ ಜೇನ್ ಕಾನ್‌ಸ್ಟೆನ್ಸ್ ಕುಕ್. ಅಲರ್ಟ್ ಬೇಯ ಉನ್ನತ ಮನೆತನದ, ಆಂಗ್ಲಿಕನ್ ಚರ್ಚಿಗೆ ಸೇರಿದ ಈ ಮಹಿಳೆ ನಿಷೇಧದ ಪರವಾಗಿದ್ದರು, 1922ರ ವಿಚಾರಣೆಗಳಲ್ಲಿ ದುಭಾಷಿಯಾಗಿಯೂ ಕೆಲಸ ಮಾಡಿದರು. ಪಾಟ್‌ಲ್ಯಾಚ್‌ನ ಪೈಪೋಟಿಗಾಗಿ ಎಳೆಯ ಹುಡುಗಿಯರ ಮದುವೆ ಏರ್ಪಡುತ್ತದೆ, ಗಂಡ ಬಿಟ್ಟ ಹೆಂಗಸರ ಪಾಡು ಕೇಳುವವರಿಲ್ಲ ಎಂಬುದು ಅವರ ತಕರಾರು. ಅದೇ ಕುಕ್ 1914ರಲ್ಲಿ ಮೀಸಲು ಭೂಮಿ ಆಯೋಗದ ಮುಂದೆ ತಮ್ಮ ಜನರ ನೆಲ ಮತ್ತು ಮೀನುಗಾರಿಕೆಯ ಹಕ್ಕಿಗಾಗಿ ನಿಂತರು, ಪ್ರಾಂತ್ಯದ ಮೂಲನಿವಾಸಿಗಳ ಭೂಹೋರಾಟದ ಒಕ್ಕೂಟದ ಕಾರ್ಯಕಾರಿಣಿಯಲ್ಲೂ ಇದ್ದರು. ಆಚರಣೆಯನ್ನು ಬಿಟ್ಟು ನೆಲವನ್ನು ಉಳಿಸಿಕೊಳ್ಳಬಹುದೆಂಬುದು ಅವರ ನಂಬಿಕೆಯಾಗಿದ್ದಿರಬೇಕು. ಎರಡನ್ನೂ ಬಿಡಿಸಲಾಗದೆಂಬುದು ಸೆರೆಮನೆಗೆ ಹೋದವರ ನಂಬಿಕೆ. 1927ರಲ್ಲಿ ಸರ್ಕಾರ ಇಂಡಿಯನ್ ಆಕ್ಟ್‌ಗೆ ಇನ್ನೊಂದು ಸೆಕ್ಷನ್ ಸೇರಿಸಿ, ಭೂಮಿಯ ಹಕ್ಕಿನ ಮೊಕದ್ದಮೆಗಾಗಿ ಇಲಾಖೆಯ ಅಪ್ಪಣೆಯಿಲ್ಲದೆ ಮೂಲನಿವಾಸಿಗಳಿಂದ ಹಣ ಎತ್ತುವುದನ್ನೇ ಅಪರಾಧವಾಗಿಸಿತು. ಹಣವಿಲ್ಲದ ಮೇಲೆ ವಕೀಲರೂ ಇಲ್ಲ. ಕುಕ್ ಅವರ ದಾರಿಯೂ ಅಲ್ಲಿಗೆ ಮುಚ್ಚಿತು.

ಮುಂದಿನ ಕಾಲು ಶತಮಾನ ಪ್ರತಿರೋಧ ನಡೆದದ್ದು ಘೋಷಣೆಗಳಲ್ಲಿ ಅಲ್ಲ, ಉಪಾಯಗಳಲ್ಲಿ. ಕುಣಿತ ಮತ್ತು ಕೊಡುಗೆ ಎರಡೂ ಒಂದೇ ಕೂಟದಲ್ಲಿದ್ದರೆ ಕಾನೂನಿಗೆ ಸಿಕ್ಕಿಬೀಳಬೇಕಾಗುತ್ತದೆ. ಹಾಗಾಗಿ ಇವತ್ತು ಕುಣಿದು, ತಿಂಗಳುಗಳಾದ ಮೇಲೆ ಉಡುಗೊರೆಗಳನ್ನು ಮನೆಮನೆಗೆ ಮುಟ್ಟಿಸಿದರು. ಡಿಸೆಂಬರ್ ಬಂದರೆ ಅದು ಕ್ರಿಸ್‌ಮಸ್ ಉಡುಗೊರೆ. ಹಿಟ್ಟು, ಸಕ್ಕರೆ ಹಂಚಿದರೆ ಅದು ಬಡವರಿಗೆ ನೆರವು. ಕಿಂಗ್‌ಕಮ್‌ನಂಥ ದುರ್ಗಮ ಕಡಲಚಾಚುಗಳಲ್ಲಿ ದೊಡ್ಡ ಕೂಟಗಳು ಮುಂದುವರಿದವು. ಇದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ಸಾಕ್ಷಿಗಳೆಲ್ಲ ಒಂದೇ ಕಡೆ ಒಂದೇ ಹೊತ್ತಿಗೆ ಸೇರದಿದ್ದರೆ ಹಕ್ಕಿನ ಘೋಷಣೆಗೆ ಮೊದಲಿನ ತೂಕ ಉಳಿಯುವುದಿಲ್ಲ. ಅಷ್ಟರಲ್ಲಿ 1929ರಲ್ಲಿ ಅಲರ್ಟ್ ಬೇಯಲ್ಲೇ ತೆರೆದ ಸೇಂಟ್ ಮೈಕಲ್ಸ್ ವಸತಿ ಶಾಲೆಯಲ್ಲಿ ಮಕ್ಕಳು ತಮ್ಮ ಕ್ವಾಕ್ವಲ ಭಾಷೆ ಆಡಿದರೆ ಶಿಕ್ಷೆಯಾಗುತ್ತಿತ್ತು. ಹಾಡು ಉಳಿದರೂ ಅದನ್ನು ಬಿಡಿಸಿ ಹೇಳಬಲ್ಲವರು ತಲೆಮಾರಿನಿಂದ ತಲೆಮಾರಿಗೆ ಕಡಿಮೆಯಾಗುತ್ತ ಬಂದರು.

1951ರಲ್ಲಿ ಇಂಡಿಯನ್ ಆಕ್ಟ್ ಪರಿಷ್ಕರಣೆಯಾದಾಗ ಪಾಟ್‌ಲ್ಯಾಚ್ ಕಲಮು ಸದ್ದಿಲ್ಲದೆ ಬಿದ್ದುಹೋಯಿತು. ತಪ್ಪೊಪ್ಪಿಗೆಯಿಲ್ಲ, ಘೋಷಣೆಯಿಲ್ಲ, ಹೊಸ ಪಠ್ಯದಲ್ಲಿ ಅದು ಇರಲಿಲ್ಲ, ಅಷ್ಟೇ. 1953ರಲ್ಲಿ ವಿಕ್ಟೋರಿಯಾದ ಪ್ರಾಂತೀಯ ಸಂಗ್ರಹಾಲಯದ ಆವರಣದಲ್ಲಿ ಶಿಲ್ಪಿ ಮುಂಗೊ ಮಾರ್ಟಿನ್ ತಾವೇ ಕಟ್ಟಿದ ಮರದ ಮನೆಯಲ್ಲಿ, ನಿಷೇಧ ಹೋದ ಮೇಲಿನ ಮೊದಲ ಬಹಿರಂಗ ಪಾಟ್‌ಲ್ಯಾಚ್ ನಡೆಸಿದರು. ಸಂಗ್ರಹಾಲಯ ಸೇರಿದ್ದ ಮುಖವಾಡಗಳನ್ನು ಹಿಂದಕ್ಕೆ ಪಡೆಯುವ ಪ್ರಯತ್ನವೂ ಬೆಳೆಯಿತು. ವಸ್ತುಗಳನ್ನು ಇಡಲು ಸಂಗ್ರಹಾಲಯ ಕಟ್ಟಿದರೆ ಮಾತ್ರ ಮರಳಿಸುತ್ತೇವೆ ಎಂದು ಒಟ್ಟಾವಾ ಷರತ್ತು ಹಾಕಿತು. ಹಾಗಾಗಿ 1979ರಲ್ಲಿ ಕೇಪ್ ಮಜ್‌ನಲ್ಲಿ, 1980ರಲ್ಲಿ ಅಲರ್ಟ್ ಬೇಯಲ್ಲಿ, ಎರಡು ಸಂಗ್ರಹಾಲಯಗಳು ಎದ್ದವು. ಕಸಿದುಕೊಂಡವರೇ ಕಸಿದದ್ದನ್ನು ಕಾಪಾಡುವ ಅರ್ಹತೆಯ ಪ್ರಮಾಣಪತ್ರ ಕೇಳಿದ ಈ ಷರತ್ತನ್ನು ಅಲರ್ಟ್ ಬೇಯ ಉಮಿಸ್ತಾ ಕೇಂದ್ರ ತನ್ನದೇ ರೀತಿಯಲ್ಲಿ ಪೂರೈಸಿತು. ಅಲ್ಲಿ ಪಾಟ್‌ಲ್ಯಾಚ್ ಮುಖವಾಡಗಳನ್ನು ಗಾಜಿನ ಪೆಟ್ಟಿಗೆಗಳಲ್ಲಿ ಇಡಲಿಲ್ಲ. ಸೀಡರ್ ಮರದ ಮನೆಯ ಒಳಾಂಗಣದಲ್ಲಿ, ಅವು ಕೂಟದಲ್ಲಿ ಒಂದರ ಹಿಂದೆ ಒಂದು ಬರುವ ಕ್ರಮದಲ್ಲೇ ಗೋಡೆಯುದ್ದಕ್ಕೂ ತೆರೆದಂತೆ ನಿಲ್ಲಿಸಿದರು.

ರಾಯಲ್ ಒಂಟಾರಿಯೊ ಸಂಗ್ರಹಾಲಯ 1988ರಲ್ಲಿ ತನ್ನ ಪಾಲನ್ನು ಮರಳಿಸಿತು. ಫ್ರೆಂಚ್ ಕವಿ ಆಂಡ್ರೆ ಬ್ರೆಟನ್ ಸಂಗ್ರಹದಲ್ಲಿದ್ದ ಶಿರೋಭೂಷಣವೊಂದನ್ನು 2003ರಲ್ಲಿ ಅವರ ಮಗಳು ತಾವಾಗಿ ತಂದು ಒಪ್ಪಿಸಿದರು. ಬ್ರಿಟಿಷ್ ಮ್ಯೂಸಿಯಂ ಮಾತ್ರ ತನ್ನಲ್ಲಿದ್ದ ಮುಖವಾಡವನ್ನು 2005ರಲ್ಲಿ ದೀರ್ಘಾವಧಿಯ ಎರವಲಾಗಿ ಕೊಟ್ಟಿತು. ಎರವಲು ಎಂದರೆ ಒಡೆತನ ಇನ್ನೂ ಲಂಡನ್ನಿನದೇ. 2023ರಲ್ಲಿ ಎಡಿನ್‌ಬರೊದಿಂದ ಸುಮಾರು 11 ಮೀಟರ್ ಎತ್ತರದ ಸ್ಮಾರಕ ಕಂಬವೊಂದು ನಿಸ್ಗಾ ಜನರ ಕಣಿವೆಗೆ ವಾಯುಪಡೆಯ ವಿಮಾನದಲ್ಲಿ ಮರಳಿತು. 1929ರಲ್ಲಿ ಊರಿನವರು ಇಲ್ಲದ ಹೊತ್ತಿನಲ್ಲಿ ಅದನ್ನು ಸಾಗಿಸಲಾಯಿತೆಂಬುದು ನಿಸ್ಗಾ ಜನರ ಹೇಳಿಕೆ. ಇವೆಲ್ಲ ನಡೆದದ್ದು ಸಂಸ್ಥೆಗಳ ಸದಿಚ್ಛೆಯಿಂದ, ಸಮುದಾಯಗಳ ಪಟ್ಟಿನಿಂದ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 1990ರಿಂದ ಮೂಲನಿವಾಸಿಗಳ ಅಸ್ಥಿ ಮತ್ತು ಪವಿತ್ರ ವಸ್ತುಗಳನ್ನು ಮರಳಿಸಲು ಕಾನೂನೇ ಇದೆ. 2024ರ ಆರಂಭದಲ್ಲಿ ಅದರ ನಿಯಮಗಳು ಬಿಗಿಯಾದಾಗ ನ್ಯೂಯಾರ್ಕಿನ ನೈಸರ್ಗಿಕ ಇತಿಹಾಸ ಸಂಗ್ರಹಾಲಯ ಎರಡು ದೊಡ್ಡ ಸಭಾಂಗಣಗಳನ್ನೇ ಮುಚ್ಚಿತು. ಕೆನಡಾದಲ್ಲಿ ಅಂಥದೊಂದು ಮಸೂದೆ 2019ರಲ್ಲಿ ಕೆಳಮನೆಯನ್ನು ದಾಟಿ ಸೆನೆಟ್‌ನಲ್ಲಿ ಬಿದ್ದುಹೋಯಿತು.

ವಸ್ತುಗಳ ವಿಷಯಕ್ಕಿಂತ ಕಠಿಣವಾದ ಪ್ರಶ್ನೆ ನ್ಯಾಯಾಲಯಗಳಲ್ಲಿ ಎದ್ದಿತು. ಗಿಟ್‌ಕ್ಸಾನ್ ಮತ್ತು ವೆಟ್‌ಸುವೆಟೆನ್ ಜನರ ಪರಂಪರಾಗತ ಮುಖಂಡರು ಸುಮಾರು 58,000 ಚದರ ಕಿಲೋಮೀಟರ್ ನೆಲದ ಮೇಲೆ ಹಕ್ಕು ಸಾಧಿಸಿ 1984ರಲ್ಲಿ ಹೂಡಿದ ಡೆಲ್ಗಮೂಕ್ ಮೊಕದ್ದಮೆಯಲ್ಲಿ, ತಮ್ಮ ಕೂಟಗಳಲ್ಲಿ ತಲೆಮಾರುಗಳಿಂದ ಸಾರುತ್ತ ಬಂದ ಮನೆತನದ ಚರಿತ್ರೆಗಳನ್ನೂ ಹಾಡುಗಳನ್ನೂ ಸಾಕ್ಷ್ಯವಾಗಿ ಮುಂದಿಟ್ಟರು. ಹಿರಿಯಳಾದ ಮೇರಿ ಜಾನ್ಸನ್ ತನ್ನ ಮನೆತನದ ಹಾಡನ್ನು ನ್ಯಾಯಾಲಯದಲ್ಲಿ ಹಾಡಲು ಸಿದ್ಧಳಾದಾಗ, ತಮ್ಮ ಕಿವಿಗೆ ಸಂಗೀತ ಹತ್ತುವುದಿಲ್ಲ, ಹಾಡಿ ಪ್ರಯೋಜನವಿಲ್ಲ ಎಂದರು ನ್ಯಾಯಮೂರ್ತಿ ಮೆಕ್‌ಈಚರ್ನ್. ಆಕೆ ಹಾಡಿದಳು. 1991ರ ತೀರ್ಪಿನಲ್ಲಿ ಅವರು ಮೌಖಿಕ ಚರಿತ್ರೆಗೆ ಭೂಮಿಯ ಹಕ್ಕನ್ನು ಸಾಬೀತುಪಡಿಸುವ ಬಲವಿಲ್ಲವೆಂದು ಹೇಳಿ ಹಕ್ಕನ್ನು ತಳ್ಳಿಹಾಕಿದರು. ಯುರೋಪಿಯನ್ನರು ಬರುವ ಮುಂಚಿನ ಅವರ ಬದುಕನ್ನು ಬಣ್ಣಿಸಲು ಹದಿನೇಳನೆಯ ಶತಮಾನದ ಇಂಗ್ಲಿಷ್ ದಾರ್ಶನಿಕ ಹಾಬ್ಸ್‌ನ ಮಾತನ್ನು ಎರವಲು ಪಡೆದು, ಅದು ಹೇಯ, ಕ್ರೂರ, ಅಲ್ಪಾಯುಷಿಯಾಗಿತ್ತೆಂದು ಸೂಚಿಸಿದರು. 1997ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದುಗೊಳಿಸಿ, ಮೌಖಿಕ ಚರಿತ್ರೆಯನ್ನು ಲಿಖಿತ ದಾಖಲೆಗಳಿಗೆ ಸಮನಾಗಿ ಪರಿಗಣಿಸಬೇಕೆಂದು ಹೇಳಿತು. ಮರುವಿಚಾರಣೆ ಮಾತ್ರ ಇಂದಿಗೂ ನಡೆದಿಲ್ಲ. ಕೆನಡಾದ ನ್ಯಾಯಾಲಯವೊಂದು ನಿರ್ದಿಷ್ಟ ನೆಲದ ಮೇಲೆ ಮೂಲನಿವಾಸಿಗಳ ಒಡೆತನವನ್ನು ಮೊದಲ ಬಾರಿಗೆ ಘೋಷಿಸಿದ್ದು 2014ರ ಚಿಲ್‌ಕೋಟಿನ್ ತೀರ್ಪಿನಲ್ಲಿ, ಸುಮಾರು 1,750 ಚದರ ಕಿಲೋಮೀಟರ್‌ಗೆ.

ಇದರ ನಡುವೆ ನ್ಯಾಯಾಲಯ ಹಾಕಿದ ಇನ್ನೊಂದು ಅಳತೆಗೋಲು ಹೆಚ್ಚು ಚರ್ಚೆಯಾಗಬೇಕು. 1987ರಲ್ಲಿ ಸ್ಟೊಲೊ ಸಮುದಾಯದ ಡೊರೊತಿ ವ್ಯಾನ್ ಡೆರ್ ಪೀಟ್ ಹತ್ತು ಸಾಲ್ಮನ್ ಮೀನುಗಳನ್ನು 50 ಡಾಲರಿಗೆ ಮಾರಿದ್ದಕ್ಕೆ ಮೊಕದ್ದಮೆ ಎದುರಿಸಬೇಕಾಯಿತು. 1996ರಲ್ಲಿ ಸುಪ್ರೀಂ ಕೋರ್ಟ್, ಯುರೋಪಿಯನ್ನರ ಸಂಪರ್ಕಕ್ಕೆ ಮುಂಚೆ ಆ ಸಮಾಜದ ವಿಶಿಷ್ಟ ಸಂಸ್ಕೃತಿಗೆ ಅವಿಭಾಜ್ಯವಾಗಿದ್ದ ಪದ್ಧತಿಗೆ ಮಾತ್ರ ಹಕ್ಕಿನ ರಕ್ಷಣೆಯಿದೆ ಎಂದು ಹೇಳಿ ಆಕೆಯ ವಿರುದ್ಧ ತೀರ್ಪಿತ್ತಿತು. ಅಂದರೆ ಸಂಸ್ಕೃತಿಯನ್ನು ರಾಜ್ಯ ಮೊದಲು ಅಪರಾಧವೆಂದು ಒಡೆಯಿತು, ಅನಂತರ ಹಕ್ಕು ಕೇಳಿ ಬಂದವರಿಗೆ ಅದರ ಅಖಂಡ ನಿರಂತರತೆಯನ್ನು ತೋರಿಸಿರೆಂದು ಕೇಳಿತು. ಹೊಲಿಗೆ ಯಂತ್ರವನ್ನೂ ಪೂಲ್ ಮೇಜನ್ನೂ ಪಾಟ್‌ಲ್ಯಾಚ್‌ಗೆ ತಂದ ಜನರ ಜೀವಂತಿಕೆಯನ್ನು ಈ ಅಳತೆಗೋಲು ಕಾಣುವುದೇ ಇಲ್ಲ.

ಯಾರು ಯಾರ ಪರವಾಗಿ ಮಾತನಾಡಬೇಕೆಂಬ ಪ್ರಶ್ನೆಯೂ ಇಲ್ಲಿಂದಲೇ ಹುಟ್ಟಿದ್ದು. ಇಂಡಿಯನ್ ಆಕ್ಟ್ ತಂದ, ಬ್ಯಾಂಡ್ ಕೌನ್ಸಿಲ್ ಎಂಬ ಚುನಾಯಿತ ಸ್ಥಳೀಯ ಮಂಡಳಿಗಳು ಒಂದು ಕಡೆ, ಕೂಟಗಳಲ್ಲಿ ಹೆಸರು ಪಡೆದ ಪರಂಪರಾಗತ ಮುಖಂಡರು ಇನ್ನೊಂದು ಕಡೆ. 670 ಕಿಲೋಮೀಟರ್ ಉದ್ದದ ಕೋಸ್ಟಲ್ ಗ್ಯಾಸ್‌ಲಿಂಕ್ ಕೊಳವೆಮಾರ್ಗಕ್ಕೆ ದಾರಿಯುದ್ದದ 20 ಚುನಾಯಿತ ಕೌನ್ಸಿಲ್‌ಗಳು ಒಪ್ಪಿ ಸಹಿಹಾಕಿದವು. ವೆಟ್‌ಸುವೆಟೆನ್‌ನ ಪರಂಪರಾಗತ ಮುಖಂಡರು ಒಪ್ಪಲಿಲ್ಲ. 2020ರ ಫೆಬ್ರುವರಿಯಲ್ಲಿ ಪೊಲೀಸರು ಅವರ ನೆಲೆಗಳಿಗೆ ನುಗ್ಗಿದಾಗ ದೂರದ ಒಂಟಾರಿಯೊದಲ್ಲಿ ಮೊಹಾಕ್ ಜನರು ಬೆಂಬಲವಾಗಿ ರೈಲುಹಳಿಯ ಬಳಿ ಕುಳಿತು ದೇಶದ ಪೂರ್ವ ಭಾಗದ ರೈಲು ಸರಕು ಸಾಗಣೆಯನ್ನೇ ವಾರಗಟ್ಟಲೆ ನಿಲ್ಲಿಸಿದರು. ಪರಂಪರಾಗತ ಮುಖಂಡತ್ವವೆಲ್ಲ ನಿರ್ಮಲವೆಂದು ಭಾವಿಸುವುದೂ ತಪ್ಪು: ಕೊಳವೆಮಾರ್ಗದ ಪರವಿದ್ದ ಕೆಲವು ಮಹಿಳೆಯರ ಪಟ್ಟದ ಹೆಸರುಗಳನ್ನು ಕಿತ್ತುಕೊಂಡದ್ದು ಆ ಸಮುದಾಯದೊಳಗೇ ಕಹಿ ಉಳಿಸಿದೆ. ಆದರೆ ಈ ಜಗಳವನ್ನು ಬಗೆಹರಿಸಬೇಕಾದ ಸಭೆಯನ್ನು ಕಾನೂನಿನಿಂದ ದಶಕಗಳ ಕಾಲ ಕಟ್ಟಿಹಾಕಿದ್ದ ಸರ್ಕಾರ, ಇವರಲ್ಲಿ ಒಮ್ಮತವಿಲ್ಲ ಎಂದು ಕೈಚೆಲ್ಲುವುದನ್ನು ಒಪ್ಪುವುದು ಕಷ್ಟ.

2024ರಲ್ಲಿ ಬ್ರಿಟಿಷ್ ಕೊಲಂಬಿಯ ಸರ್ಕಾರ ಹೈಡಾ ಜನರೊಡನೆ ಮಾತುಕತೆಯಿಂದಲೇ ಒಪ್ಪಂದ ಮಾಡಿಕೊಂಡು ಹೈಡಾ ಗ್ವಾಯ್ ದ್ವೀಪಗಳ ಮೇಲೆ ಅವರ ಒಡೆತನವನ್ನು ಒಪ್ಪಿತು, ಖಾಸಗಿ ಆಸ್ತಿಗಳನ್ನು ಮುಟ್ಟುವುದಿಲ್ಲ ಎಂಬ ಷರತ್ತಿನೊಂದಿಗೆ. ಮರುವರ್ಷ ಆಗಸ್ಟ್‌ನಲ್ಲಿ ಪ್ರಾಂತ್ಯದ ಸುಪ್ರೀಂ ಕೋರ್ಟ್, ವ್ಯಾಂಕೂವರ್ ಪಕ್ಕದ ರಿಚ್ಮಂಡ್ ನಗರದಲ್ಲಿ ಸುಮಾರು 800 ಎಕರೆ ನೆಲ ಕೊವಿಚನ್ ಜನರ ಬೇಸಿಗೆಯ ಮೀನುಗಾರಿಕೆ ಊರಾಗಿತ್ತೆಂದು ಒಪ್ಪಿ ಅವರ ಒಡೆತನವನ್ನು ಘೋಷಿಸಿದಾಗ ವಾತಾವರಣ ಬದಲಾಯಿತು. 500ಕ್ಕೂ ಹೆಚ್ಚು ದಿನಗಳ ವಿಚಾರಣೆಯಲ್ಲಿ ನ್ಯಾಯಾಲಯ ಮೌಖಿಕ ಚರಿತ್ರೆಯನ್ನೂ ಹಡ್ಸನ್ಸ್ ಬೇ ಕಂಪನಿಯ ಬರಹಗಳನ್ನೂ ಜೊತೆಗಿಟ್ಟು ತೂಗಿತ್ತು. ಮನೆ ಮಾಲೀಕರಲ್ಲಿ ಗಾಬರಿ ಹುಟ್ಟಿತು, ಪ್ರಾಂತ್ಯವೂ ನಗರವೂ ಮೇಲ್ಮನವಿಗೆ ಹೋದವು. ಅವರ ಜೊತೆಗೆ, ಆ ತೀರ ತಮ್ಮದೆನ್ನುವ ನೆರೆಯ ಮಸ್ಕ್ವಿಯಂ ಸಮುದಾಯವೂ ಹೋಯಿತು. ಎರಡು ನೆರೆಹೊರೆಯ ಸಮುದಾಯಗಳ ನಡುವಿನ ಇಂಥ ತಕರಾರನ್ನು ಇಬ್ಬರೂ ಒಬ್ಬರಿಗೊಬ್ಬರು ಸಾಕ್ಷಿಯಾಗಿ ಕೂರುವ ಕೂಟದಲ್ಲಿ ಎತ್ತುವುದು ಆ ಕರಾವಳಿಯ ಕ್ರಮವಾಗಿತ್ತು. ಈಗ ಅದನ್ನು ತೀರ್ಮಾನಿಸಬೇಕಾದದ್ದು ಮೇಲ್ಮನವಿ ನ್ಯಾಯಾಲಯ. ಒಂದು ಸಮುದಾಯದ ಮೌಖಿಕ ಚರಿತ್ರೆ ಇನ್ನೊಂದರದಕ್ಕೆ ಎದುರಾದಾಗ ಯಾವುದಕ್ಕೆ ಎಷ್ಟು ತೂಕ ಕೊಡಬೇಕೆಂಬುದನ್ನೂ ಅಲ್ಲಿಯ ನ್ಯಾಯಮೂರ್ತಿಗಳು ಹೇಳಬೇಕಾಗುತ್ತದೆ.